ಇರಬಹುದು

ಎಪ್ಪತ್ತೊಂದು ವರ್ಷ ಓಟ್ಸ್ ಗಂಜಿ ಉಂಡವಳು ನಾನು,
ಒಂದು ದಿನವೂ ಅದರ ಚೀಟಿ ಓದಿದವಳಲ್ಲ.
ನಮ್ಮ ಬಕ್ಕಿಯಲ್ಲಿ ಓಟ್ಸ್ ಓದುವ ಪದಾರ್ಥವೇ ಅಲ್ಲ;
ನೀರು, ಉಪ್ಪು, ಒಲೆ, ತಿರುವುವ ಕೋಲು,
ಕಿಟಕಿಯಾಚೆ ಬೂದು ಕಡಲು. ಅಷ್ಟೆ.

ಈಗ ಅಂಗಡಿಯ ಮೂರನೇ ಸಾಲಿನಲ್ಲಿ
ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನಿಂತಿದ್ದೇನೆ.
ಪೊಟ್ಟಣದ ಮುಂದೆ ಬೆಟ್ಟ, ಜಿಂಕೆ, ಬೆಳಗು;
ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಬಾದಾಮಿ, ಅಕ್ರೋಟು ಮುಂತಾದವುಗಳ ಅಂಶ
ಇರಬಹುದು.

ಇದೆ ಅಂದಿದ್ದರೆ ಕೆಳಗಿಡುತ್ತಿದ್ದೆ,
ಇಲ್ಲ ಅಂದಿದ್ದರೆ ಬುಟ್ಟಿಗೆ ಹಾಕುತ್ತಿದ್ದೆ.
ಇದು ಹೊಸ್ತಿಲ ಮೇಲೆ ನಿಂತ ನೆಂಟ:
ಒಳಗೂ ಬರುವುದಿಲ್ಲ, ಹೋಗುವುದೂ ಇಲ್ಲ.

ಈ ಮಾತು ನನಗೆ ಹಳೆಯ ಪರಿಚಯ.
ವಾಟಿಯ ದೋಣಿ ಗಾಳಿಗೆ ಸಿಕ್ಕ ವರ್ಷ
ಬಂದರಿನ ಗುಮಾಸ್ತ ಟೋಪಿ ತಿರುವುತ್ತ ಹೇಳಿದ್ದೂ ಇದನ್ನೇ.
ಮೂರು ರಾತ್ರಿ ಆ ಒಂದು ಪದವನ್ನು ಅಗಿದೆ.
ನಾಲ್ಕನೇ ಬೆಳಗ್ಗೆ ಬಂದ ಪುಣ್ಯಾತ್ಮ,
ನೆನೆದು, ನಾರುತ್ತ, ಗಂಜಿ ಎಲ್ಲಿ ಅಂತ ಬೈಯುತ್ತ.

ಇನ್ನೆಸ್‌ಗೆ ಐದು. ಕಳೆದ ಚಳಿಗಾಲ
ನೆರೆಮನೆಯ ಬಿಸ್ಕತ್ತು, ಅದರೊಳಗೆ ಅರ್ಧ ಹೇಝಲ್ ಬೀಜ.
ತುಟಿ ಊದಿತು, ದನಿ ದಾರವಾಯಿತು.
"ಅಜ್ಜಿ, ಗಂಟಲಲ್ಲಿ ಯಾರೋ ಕೂತಿದ್ದಾರೆ" ಅಂದ.
ತೊಡೆಗೆ ಸೂಜಿ ಚುಚ್ಚಿದ್ದು ನನ್ನದೇ ಕೈ.
ನಲವತ್ತು ವರ್ಷ ಹೆರಿಂಗ್ ಸೀಳಿದ ಕೈ
ಆಂಬುಲೆನ್ಸ್ ಬಂದ ಮೇಲೂ ನಡುಗುತ್ತಲೇ ಇತ್ತು.

ಬ್ರೆಡ್ಡು ಸಾಕು ಬಿಡಮ್ಮ, ಅನ್ನುತ್ತಾಳೆ ಮಗಳು.
ಹುಡುಗ ಕೇಳಬೇಕಲ್ಲ. ತಾತ ತಿನ್ನುವುದೇ ಬೇಕು.

ಗಿರಣಿಗಳಿಗೆ ಫೋನು ಹಚ್ಚಿದೆ.
ಮೊದಲನೆಯದು ಹತ್ತು ನಿಮಿಷ ಪಿಟೀಲು ಕೇಳಿಸಿ
ಪೊಟ್ಟಣದ ಮೇಲಿದ್ದದ್ದನ್ನೇ ಓದಿ ಒಪ್ಪಿಸಿತು.
ಎರಡನೆಯವಳು "ಏನೂ ಇಲ್ಲ, ಏನೂ ಇಲ್ಲ" ಅಂದಳು.
ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರವನ್ನು
ನಾನು ಮೀನು ಸಂತೆಯಲ್ಲೂ ನಂಬಿದವಳಲ್ಲ.

ಮೂರನೆಯವನು ಡೂಗಲ್, ಗಿರಣಿಯೊಳಗೇ ನಿಂತಿದ್ದ;
ಅವನ ಮಾತಿನ ಹಿಂದೆ ಬೀಸುಕಲ್ಲಿನ ಗುಡುಗು.
"ಇರಿ" ಅಂದ. ಮೆಟ್ಟಿಲಿಳಿದು ಹೋದ. ಬಂದ.
"ಇಲ್ಲಿ ಓಟ್ಸ್ ಬಿಟ್ಟು ಬೇರೆ ಬೀಸಿಲ್ಲ.
ಹುಡುಗರ ಊಟದ ಡಬ್ಬಿ ಅಂಗಳದಾಚೆ.
ಆದರೆ ಲಾರಿ ನಮ್ಮದಲ್ಲ ನೋಡಿ,
ಕಳೆದ ವಾರ ಅದು ಏನು ಹೊತ್ತಿತ್ತೋ
ಕೇಳಿ ಹೇಳುತ್ತೇನೆ."
ಎರಡು ದಿನ ಬಿಟ್ಟು ತಾನೇ ಫೋನು ಮಾಡಿದ: ಬಾರ್ಲಿ.
ಅವನ ಅನುಮಾನದ ಮೇಲೆ
ನನಗೆ ನಂಬಿಕೆ ಹುಟ್ಟಿತು.

ಉಳಿದದ್ದು ಕೋಲು. ನನ್ನಮ್ಮನದು,
ಹಿಡಿ ಸವೆದು ಅವಳ ಹೆಬ್ಬೆರಳಿನ ಗುಳಿ ಬಿದ್ದಿದೆ.
ಪ್ರತಿ ಡಿಸೆಂಬರು ಅದೇ ಬಾದಾಮಿ ಪಾಕ ತಿರುವಿದ್ದು.
ತೊಳೆದೆ. ಮೂಸಿದೆ. ಬಿಸಿಲಿಗಿಟ್ಟೆ, ಬಂದಷ್ಟು ಬಿಸಿಲಿಗೆ.
ಬಿರುಕಿನೊಳಕ್ಕೆ ಭೂತಗನ್ನಡಿಯೂ ಇಳಿಯಲಿಲ್ಲ.
ಈಗ ವಾಟಿ ಅದರಲ್ಲಿ ದೋಣಿಯ ಬಣ್ಣ ಕಲಕುತ್ತಾನೆ.
ಹೊಸದು ಕೆತ್ತಲು ಕೂತಾಗ, ಬೀಚ್ ಮರ ಬೇಡ ಅಂದೆ,
ಅದೂ ಬೀಜ ಬಿಡುತ್ತದೆ. ಅವನು ನಕ್ಕ.
ನಾನು ನಗಲಿಲ್ಲ. ಸಿಕಮೋರ್ ಹುಡುಕಿ ತಂದ.

ಭಾನುವಾರ. ಮೇಜಿನ ಮೇಲೆ ಬಟ್ಟಲು, ಪಕ್ಕದಲ್ಲಿ ಸೂಜಿ,
ಗೋಡೆಯಲ್ಲಿ ಗಡಿಯಾರ.
ಮೊದಲ ಚಮಚ. ನಾವು ಮೂವರೂ
ಅವನ ತುಟಿಯನ್ನೇ ನೋಡುತ್ತ ಕೂತೆವು,
ಅಲೆ ಎದ್ದೀತೆಂದು ಕಡಲು ನೋಡುವವರ ಹಾಗೆ.
ಐದು ನಿಮಿಷ. ಇಪ್ಪತ್ತು. ನಮ್ಮ ಗಂಜಿ ಕೆನೆಗಟ್ಟಿತು.
"ಉಪ್ಪು ಕಮ್ಮಿ" ಅಂದ ಇನ್ನೆಸ್, "ಇನ್ನೂ ಇದೆಯಾ?"

ಇದೆ ಮಗು, ಇದೆ.
ಎಷ್ಟು ದಿನವಾಗಿತ್ತು ಈ ಪದ ಬಾಯಿಗೆ ಬಂದು.

ಗುರುವಾರಕ್ಕೆ ಪೊಟ್ಟಣ ಮುಗಿಯುತ್ತದೆ.
ಮತ್ತೆ ಡೂಗಲ್‌ಗೆ ಫೋನು ಮಾಡಬೇಕು.
ಲಾರಿ ಬದಲಾಗಿರಬಹುದು.