ಮೂರನೇ ನಂಬರಿನ ಬಕೆಟ್ಟು

ರಾತ್ರಿ ಎರಡರ ಗಸ್ತು. ಸೋನಾವಳಿಯ ಘಟ್ಟದಲ್ಲಿ
ಹಳಿಗೆ ಜಾರಿದ ಕಲ್ಲು ಹುಡುಕುವ ನನ್ನ ಟಾರ್ಚಿಗೆ
ಸಿಕ್ಕಿದ್ದು ಒಂದು ಎಲೆ:
ಗಾಳಿಯಿಲ್ಲದೆ, ಓರೆಯಾಗಿ,
ಬೇಕೆಂದೇ ಇಳಿಯುತ್ತಿದ್ದ ಎಲೆ.

ಸಿಗ್ನಲ್ ಕಂಬಕ್ಕೆ ಅಂಟಿಕೊಂಡಿತು. ನನ್ನನ್ನೇ ನೋಡಿತು.
ಬೆನ್ನು ಬಾಳೆಯ ಸುಳಿಯ ಹಸಿರು,
ಹೊಟ್ಟೆ ಅಕ್ಕಿ ತೊಳೆದ ನೀರಿನ ಬಣ್ಣ,
ಬೆರಳ ತುದಿಗೆಲ್ಲ ದುಂಡು ಬಿಲ್ಲೆ,
ಬೆರಳ ನಡುವೆ ಮಡಚಿಟ್ಟ ಕೆಂಪು.
ನನ್ನ ಕಂಕುಳಲ್ಲಿದ್ದ ಬಾವುಟದ್ದೂ ಅದೇ ಕೆಂಪು.
ನಾನು ಬಿಚ್ಚಿದರೆ ರೈಲು ನಿಲ್ಲುತ್ತದೆ.
ಅದು ಬಿಚ್ಚಿದರೆ
ಹಾರುತ್ತದೆ.

‘ಬೆಬೊ’ ಅಂದ ಪುಂಡಲೀಕ ಗಾಂವಕಾರ, ಬೀಡಿ ಆರಿಸಿ.
‘ತಿನ್ನುವ ಜಾತಿಯಲ್ಲ. ಮರದ್ದು.
ಮಳೆ ಹಿಡಿಯುವ ತನಕ ನೆಲ ಮುಟ್ಟುವುದಿಲ್ಲ.’

ಮಳೆ ಹಿಡಿಯಿತು. ಕತ್ತಲಲ್ಲಿ ಟಕ್, ಟಕ್ ಟಕ್,
ಯಾರೋ ಸುತ್ತಿಗೆಯಿಂದ ಬೋಲ್ಟು ತಟ್ಟಿ ನೋಡಿದ ಹಾಗೆ.
ಬೆಳಿಗ್ಗೆ ಸ್ಟೇಷನ್ನಿನ ಬೆಂಕಿ ಬಕೆಟ್ಟಿನ ಮೇಲೆ
ಬಾಗಿದ ಕೊಂಬೆಗೆ ಸೋಪಿನ ನೊರೆ.
ಒರೆಸಲು ಹೋದೆ, ಪುಂಡಲೀಕ ಕೈ ಹಿಡಿದ.
ಹಿಂಗಾಲಲ್ಲಿ ಕಡೆದು ಕಡೆದು
ಅದು ಕಟ್ಟಿದ ಮನೆಯಂತೆ, ಒಳಗೆ ಮೊಟ್ಟೆಯಂತೆ.

ಐದನೇ ದಿನ ಕುಳೆಮ್ಮಿನಿಂದ ಮಲೇರಿಯಾ ಸಾಹೇಬರು ಬಂದರು.
ನಿಂತ ನೀರೆಲ್ಲ ಚೆಲ್ಲಬೇಕು. ಡ್ರಮ್ಮು ಚೆಲ್ಲಿದೆವು,
ಟೈರು ಚೆಲ್ಲಿದೆವು, ಚಹದಂಗಡಿಯ ತೆಂಗಿನ ಚಿಪ್ಪನ್ನೂ.
‘ಇದು?’ ಅಂದರು.
ನೊರೆ ಕಂದು ತಿರುಗಿ ಹನಿಹನಿಯಾಗಿ ಕರಗುತ್ತಿತ್ತು,
ಒಂದೊಂದು ಹನಿಗೂ ಒಂದು ಬಾಲ.

ರಿಜಿಸ್ಟರು ತೆಗೆದೆ. ನನ್ನ ಕೆಟ್ಟ ಅಕ್ಷರದಲ್ಲಿ ಬರೆದೆ:
ಬಕೆಟ್ ನಂಬರ್ ಮೂರು, ಬಳಕೆಯಲ್ಲಿದೆ.
ಅವರು ಓದಿದರು. ಬಗ್ಗಿ ನೋಡಿದರು.
ಮೇಲಿಂದ ಪ್ಲಾಪ್ ಎಂದು ಇನ್ನೊಂದು ಬಿತ್ತು.
ಸಹಿ ಹಾಕಿ, ಸೊಳ್ಳೆ ಪರದೆಯ ತುಂಡೊಂದು ಕೊಟ್ಟು ಹೋದರು,
ಮುಚ್ಚಲಿಕ್ಕೆ,
‘ಕೊಂಬೆಯ ಕಡೆ ಸ್ವಲ್ಪ ಬಿಟ್ಟು.’