ಐದನೆಯ ಪಟ್ಟೆ

ಡುಂಗಾಗ್ ಊರಾಚೆ, ಹಳೇ ರೈಲುಗೇಟಿನ ಪಕ್ಕ
ನೆರಿಡಾಳ ಹಿತ್ತಲು. ಜನವರಿ. ಮೂವತ್ತೊಂಬತ್ತು ಡಿಗ್ರಿ.
ಲ್ಯಾವೆಂಡರ್ ಪೊದೆಯೆದುರು ಕೂತಿದ್ದೇನೆ,
ತೊಡೆಯ ಮೇಲೆ ಗಣತಿಯ ಹಾಳೆ, ಅದರಲ್ಲಿ ಮೂರು ಮನೆ:
ಗಂಡು. ಹೆಣ್ಣು. ಗೊತ್ತಿಲ್ಲ.

ಬೆಳಗಿನಿಂದ ಮೂರನೆಯದೇ ತುಂಬುತ್ತಿದೆ.

ಈ ನಾಡಿನದೇ ಜೇನು ಇದು,
ಒಂದು ಹನಿ ಜೇನನ್ನೂ ಕೂಡಿಡದ ಜೇನು.
"ಬೆನ್ನ ಮೇಲಿನ ನೀಲಿ ಪಟ್ಟೆ ಎಣಿಸು.
ನಾಲ್ಕಿದ್ದರೆ ಹೆಣ್ಣು, ಐದಿದ್ದರೆ ಗಂಡು"
ಅನ್ನುತ್ತಾಳೆ ನೆರಿಡಾ. ಅವಳಿಗೇನು,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ
ಕನ್ನಡಿಯಲ್ಲೇ ತಲೆ ಎಣಿಸಿ ಪಳಗಿದ ಕಣ್ಣು.
ನಾನು ಒಂದು, ಎರಡು ಅನ್ನುವಷ್ಟರಲ್ಲಿ
ಹೂ ಖಾಲಿ. ದಂಟು ತೂಗುತ್ತಿದೆ.

"ಹಾಗಾದರೆ ಕಾಲು ನೋಡು."
ಹಿಂಗಾಲಿಗೆ ಹಳದಿ ಹಿಟ್ಟು ಮೆತ್ತಿದ್ದರೆ ಅವಳು:
ಟೊಮೇಟೊ ಹೂವನ್ನು ತಬ್ಬಿ, ಗುಂಯ್ಗುಟ್ಟಿ,
ತಲೆ ಬಡಿದು ಬಡಿದು ಪರಾಗ ಉದುರಿಸುವವಳು.
ರಾಣಿಯಲ್ಲ, ತೊತ್ತಲ್ಲ, ಒಂಟಿ ಒಕ್ಕಲು.
ಮಣ್ಣಿಟ್ಟಿಗೆಯ ಗೋಡೆ ಕೊರೆದು
ಮೊಟ್ಟೆಗೊಂದು ಕೋಣೆ, ಕೋಣೆಗೊಂದು ಬುತ್ತಿ,
ಕದ ಮೆತ್ತಿ
ಮಗುವಿನ ಮುಖ ನೋಡದೆ ಹೊರಟುಬಿಡುವವಳು.

ಅವನ ಕಾಲು ಬರಿದು.
ಮೀಸೆ ಇಬ್ಬರಿಗೂ ಇದೆ, ನಗಬೇಡಿ;
ಅವನದಕ್ಕೆ ಒಂದು ಗಣ್ಣು ಹೆಚ್ಚು, ಹದಿಮೂರು.
ಗಂಡಸುತನ ಅಂದರೆ ಅಷ್ಟೇ.
ಕೊಂಡಿಯೂ ಇಲ್ಲ. ಮುಷ್ಟಿಯಲ್ಲಿ ಹಿಡಿದರೆ ಬರೀ ಗದ್ದಲ.

ಕೂಕಾಬರ್ರಾ ನಕ್ಕು ಮುಗಿಸಿದ ಮೇಲೆ
ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕರೆದಳು.
ಒಣಹುಲ್ಲಿನ ಒಂದೇ ಕಡ್ಡಿಗೆ
ಒಂದರ ಕೆಳಗೊಂದು ಹನ್ನೆರಡು,
ದವಡೆಯಲ್ಲಿ ಕಡ್ಡಿ ಕಚ್ಚಿ, ಕಾಲು ಮಡಚಿ, ನಿದ್ದೆ.
"ಎಲ್ಲ ಗಂಡುಗಳೇ. ಮನೆಯಿಲ್ಲ ಇವಕ್ಕೆ.
ಅವಳು ಮಲಗಿದ್ದಾಳೆ, ತಾನೇ ಕೊರೆದ ಗೋಡೆಯೊಳಗೆ."
ಹಿತ್ತಲ ಮೂಲೆಯ ಕ್ಯಾರವಾನಿನಲ್ಲಿ
ಗಂಡ ಕ್ಲೈವ್‌ನ ದೀಪ ಆರಿತು.
ಅವಳು ಅತ್ತ ತಿರುಗಲಿಲ್ಲ.

ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು,
ಐದು! ಯಾರೂ ಅಲುಗಲಿಲ್ಲ.
ಹನ್ನೊಂದು ಗೀಟು ಎಳೆದೆ.

ತುದಿಯದು ಮಾತ್ರ ಬೇರೆ.
ರೆಕ್ಕೆಯಂಚು ಹರಿದು, ರೋಮ ಉದುರಿ,
ನೀಲಿ ಎಲ್ಲಿತ್ತೆಂದೇ ತಿಳಿಯದಷ್ಟು ಸವೆದಿದೆ.
"ಮುದುಕ," ಅಂದಳು.
ಆ ಹೆಸರಿನ ಮನೆ ಹಾಳೆಯಲ್ಲಿಲ್ಲ ಅಂದೆ.

ಪೆನ್ಸಿಲ್ ಕಸಿದುಕೊಂಡು
ಅಂಚಿನಲ್ಲಿ ತಾನೇ ಬರೆದಳು:
ಒಂದು. ಇನ್ನೂ ಕಚ್ಚಿಕೊಂಡಿದೆ.