ಎಳೆ

ಸೋಹಾರಿನ ಹಳೇ ಸೂಕಿನ ಹಿಂದೆ
ಏಸಿ ನೀರು ತೊಟ್ಟಿಕ್ಕುವ ಓಣಿಯಲ್ಲಿ
ನಾಲ್ಕು ಮಿಷನ್ನಿನ ಅಂಗಡಿ.
ಉಪವಾಸದ ಇಪ್ಪತ್ತೇಳನೆಯ ರಾತ್ರಿ,
ಹಬ್ಬಕ್ಕೆ ಮೂರೇ ದಿನ, ಅರವತ್ತು ದಿಶ್‌ದಾಶಾ ಬಾಕಿ,
ಒಂದೊಂದರ ಕೊರಳಿಗೂ ಒಂದೊಂದು ಗೊಂಡೆ.
ಗೊಂಡೆಯ ಕಡೆ ಬಾಗಿದ ನನ್ನ ಕತ್ತು
ಅಲ್ಲೇ ನಿಂತಿತು.

ಸೈದುಲ್ ಬಂದ, ಗದ್ದ ಹಿಡಿದ, ಒಂದೇ ಏಟಿಗೆ ತಿರುಚಿದ.
ಟಕ್ ಅಂದಿತು. ಅವನಿಗೆ ಖುಷಿ.
ನನಗೆ ಹೆಗಲಿನಿಂದ ಕಿರುಬೆರಳವರೆಗೆ
ಇರುವೆಸಾಲು.

ಆಸ್ಪತ್ರೆಯ ನೆಲಮಹಡಿಯಲ್ಲಿ ಇದ್ರಿಸ್, ಸುಡಾನಿನವನು,
ಥಾನು ಸವರುವ ಗಿರಾಕಿಯ ಹಾಗೆ ಬೆನ್ನು ಸವರಿ
ಅರಬ್ಬಿ, ಹಿಂದಿ, ಕೈಸನ್ನೆ ಮೂರೂ ಬೆರೆಸಿ ಕೇಳಿದ:
‘ಟೈಲರ್, ಬಟ್ಟೆಯನ್ನು ಹೀಗೆ ಜಗ್ಗುತ್ತೀಯಾ?’
ಎಲ್ಲಾದರೂ ಉಂಟೇ!
ಹಾಸಿನುದ್ದಕ್ಕೆ ಎಳೆದರೆ ಬಗ್ಗುವುದಿಲ್ಲ,
ಓರೆಗೆ ಹಿಡಿದು ಕಾದರೆ ತಾನೇ ಇಳಿಯುತ್ತದೆ.
ಹೊಲಿಗೆಯ ಮೇಲೆ ಜಗ್ಗಿದ ಹುಡುಗರಿಗೆ
ನನ್ನ ಉಸ್ತಾದ್ ಗಜಕೋಲಿನಲ್ಲೇ ಕೊಡುತ್ತಿದ್ದ.
‘ಹಾಗಾದರೆ ನಿನಗೆ ಅರ್ಧ ಗೊತ್ತು’ ಎಂದ.

ಕೀಲು ಅಂದರೆ ಹೊಲಿಗೆ. ಅದನ್ನು ಬಿಡು.
ಎಳೆಯಬೇಕಾದ್ದು ನಡುವಿನ ಬಟ್ಟೆ, ಸ್ನಾಯುವಿನ ಹೊಟ್ಟೆ.
ಅಲ್ಲಿ ಹಿತವಾಗಿ ಬಿಗಿದರೆ ಸರಿ.
ಗಂಟಿನಲ್ಲಿ ಚುಚ್ಚಿದರೆ ನಿಲ್ಲಿಸು,
ಇರುವೆ ಹರಿದರೆ ಅದು ನರ, ಆ ಕ್ಷಣವೇ ನಿಲ್ಲಿಸು.
ಗಬಕ್ಕನೆ ಎಳೆದರೆ ಸ್ನಾಯು ಹೆದರಿ ಮುದುಡುತ್ತದೆ—
ಗಂಗೊಳ್ಳಿಯ ಮರಳಿನ ಶಂಖದೇಡಿ ನೆನಪಾಯಿತು:
ಮುಟ್ಟಿದರೆ ಒಳಗೆ,
ಸುಮ್ಮನೆ ಕೂತರೆ
ಒಂದು ಕಾಲು, ಇನ್ನೊಂದು ಕಾಲು, ಆಮೇಲೆ ಕಣ್ಣು.
‘ಮೂವತ್ತು ಎಣಿಸು, ಉಸಿರು ಬಿಡುತ್ತಾ.
ಮೂವತ್ತು ಅಂದರೆ ಮೂವತ್ತು,
ಟೈಲರು ಹೇಳುವ ಎರಡು ದಿನ ಅಲ್ಲ.’

ಗೋಡೆಯ ಮೇಲೆ ಚರ್ಮ ಕಳಚಿದ ಮನುಷ್ಯನ ಪಟ.
ಮೂವತ್ತೆರಡು ವರ್ಷ ಎದೆ, ಸೊಂಟ, ತೋಳು ಅಳೆದವನು
ಒಳಗಿನ ಕಟಿಂಗ್ ಕಂಡದ್ದು ಇದೇ ಮೊದಲು.
ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿದ ಓರೆಪಟ್ಟಿ,
ಬೆನ್ನಿಗೆ ಹರಡಿದ ಗಾಳಿಪಟ,
ತುದಿಗಳಲ್ಲಿ ಬಿಳೀ ಲಾಡಿ.
ಯಾವನು ಕತ್ತರಿಸಿದನೋ, ಒಂದು ಚಿಂದಿ ಹಾಳು ಮಾಡಿಲ್ಲ.
ಪೆಡಲ್ ತುಳಿದೂ ತುಳಿದೂ ಬಿಗಿದದ್ದು ಮೀನಖಂಡ.
ಮೀನಿನೂರಿನವನಿಗೂ ಅದು ಇಷ್ಟು ದಿನ ಬರೀ ಹೆಸರು.
ಬೆರಳಿಟ್ಟು ಹಿಮ್ಮಡಿ ಎತ್ತಿದೆ:
ಒಳಗೆ ಮಗುಚಿತು, ಬಲೆಯ ಬಂಗುಡೆ.

ದಾರವೂ ಎಳೆ, ಜಗ್ಗು ಎಂದರೂ ಎಳೆ,
ಬಲಿಯದ ಕಾಯಿಯೂ ಎಳೆ.
ನಮ್ಮ ಭಾಷೆಯಲ್ಲಿ ಮೂರಕ್ಕೂ ಒಂದೇ ಮಾತು ಎಂದೆ.
ಇದ್ರಿಸನಿಗೆ ಅರ್ಥವಾಗಲಿಲ್ಲ, ನಕ್ಕ.

ಹಾಸಿಗೆ ಇದ್ದಷ್ಟು ಕಾಲು ಚಾಚು,
ಫೋನಿನಲ್ಲಿ ಪ್ರತಿ ತಿಂಗಳ ಲೆಕ್ಕದ ಕೊನೆಗೆ ದೊಡ್ಡಣ್ಣನ ಮಾತು.
ನನ್ನ ಬಂಕು ಐದೂವರೆ ಅಡಿ, ಆಚೆ ಸೈದುಲನ ಅಕ್ಕಿಚೀಲ.
ಆದರೂ ಈಗ ಅನಿಸುತ್ತದೆ,
ಕಾಯುವವನ ಹಾಸಿಗೆ
ದಿನಕ್ಕೆ ಅರ್ಧ ನೂಲಾದರೂ ಬೆಳೆಯುತ್ತದೆ.

ಬೆಳಗಿನ ಬಾಂಗಿನ ಮೇಲೆ ಮೀನುಪೇಟೆವರೆಗೆ ನಡೆದು ಬರುತ್ತೇನೆ;
ತಣ್ಣನೆಯ ಇಸ್ತ್ರಿಗೆ ಯಾವ ಮಡಿಕೆ ಕೂರುತ್ತದೆ?
ಶಟರಿನ ಮುಂದೆ ನಿಂತು ಬಗ್ಗುತ್ತೇನೆ, ಎಣಿಸುತ್ತೇನೆ.
ಬೆರಳ ತುದಿಗೂ ನೆಲಕ್ಕೂ ಮೊದಲ ದಿನ ಏಳು ಇಂಚು.
ಸೀಮೆಸುಣ್ಣದ ಗೆರೆ ಇನ್ನೂ ಇದೆ ಶಟರಿನ ಮೇಲೆ.
ಅದರ ಕೆಳಗೆ ಇನ್ನೊಂದು, ಆರೂಮುಕ್ಕಾಲು.
ಮಧ್ಯೆ ಒಂದು ವಾರ ಮರೆತಿದ್ದೆ; ಗೆರೆ ಮೇಲಕ್ಕೇ ಹೋಗಿತ್ತು.

ನಿನ್ನೆ ಮುದುಕ ಖಲ್ಫಾನ್ ಬಂದ, ದೋಣಿಯವನು.
ಎಡ ಹೆಗಲು ಅರ್ಧ ಇಂಚು ಕೆಳಗೆ.
ಇಪ್ಪತ್ತು ವರ್ಷದಿಂದ ಕಟಿಂಗಿನಲ್ಲೇ ಮುಚ್ಚಿಟ್ಟಿದ್ದೇನೆ,
ಅವನಿಗೂ ಹೇಳದೆ.
ಈ ಸಲವೂ ಹಾಗೇ ಗುರುತು ಹಾಕಿದೆ.
ಪಟ್ಟಿ ಕೊರಳಿಗೆ ಹಾಕಿಕೊಂಡು ಕೇಳಿದೆ:
‘ಚಾಚಾ, ಬಲೆಯನ್ನು ಯಾವ ಕೈಯಲ್ಲಿ ಎಳೆಯುತ್ತೀರಿ?’
ಅವನು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ,
ಯಾರದೋ ಕೈ ಎಂಬಂತೆ.